ಹಳೇಮನೆಯ ಟ್ರಂಕಿನಿಂದ 30,000 ಪದ: ಅಟ್ಟದಿಂದ ಹಸ್ತಪ್ರತಿಯವರೆಗೆ

ಮಾರಿದ ಮನೆ, ಪಾಲಾದ ಮನೆ, ಪಾಳುಬಿದ್ದ ಮನೆ, ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ ಮನೆ. ಹಾಸನ, ಚಿಕ್ಕಮಗಳೂರು ಕಡೆ ಹೀಗೆ ಬಿಟ್ಟುಬಂದ ಮನೆಯ ಸಾಮಾನು ಒಂದೆರಡು ಟ್ರಂಕಿನಲ್ಲೋ ಗೋಣಿಚೀಲದಲ್ಲೋ ಸೇರಿ ಈಗಿನ ಮನೆಯ ಅಟ್ಟದ ಮೇಲೆ ಕೂತಿರುತ್ತದೆ. ಅದನ್ನು ಮುಂದಿಟ್ಟುಕೊಂಡು ಒಂದು ಪುಸ್ತಕದಷ್ಟು ಬರೆದುಬಿಡೋಣ ಎಂದು ಹೊರಟವರಲ್ಲಿ ಬಹಳ ಮಂದಿ ಎರಡನೇ ವಾರಕ್ಕೇ ನಿಂತುಬಿಡುತ್ತಾರೆ. ಸೋಮಾರಿತನದಿಂದ ನಿಲ್ಲುವವರು ಕಡಿಮೆ. ಟ್ರಂಕು ತೆರೆದು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ; ಸಂಜೆ ನೋಡಿದರೆ ಸುತ್ತ ಕಾಗದದ ರಾಶಿ, ಮೂಗಿನ ತುಂಬ ಧೂಳು, ಬರೆದದ್ದು ಮೂರು ಸಾಲು.

ಹಾಗಾಗಿ ಇಲ್ಲಿ ಹೇಳುವ ಕ್ರಮಕ್ಕೆ ಒಂದೇ ಕಟ್ಟಳೆ: ತೆರೆಯುವ ಕಾಲ ಬೇರೆ, ಬರೆಯುವ ಕಾಲ ಬೇರೆ. ಬರೆಯುವಾಗ ಟ್ರಂಕು ಮುಚ್ಚಿರಬೇಕು. ಏಕೆಂಬುದು ಮುಂದೆ ಬರುತ್ತದೆ.

ಮೊದಲು ಲೆಕ್ಕ

ಒಂದು ತಿಂಗಳಲ್ಲಿ 50,000 ಪದ ಬರೆಯುವ ಪದ್ಧತಿ 1999ರಲ್ಲಿ ಅಮೆರಿಕದಲ್ಲಿ ಶುರುವಾಗಿ ಇಲ್ಲಿಗೂ ಬಂತು. ನವೆಂಬರ್ 30 ದಿನ, ದಿನಕ್ಕೆ 1,667 ಪದ. ಇದನ್ನು ಹಾಗೇ ಎತ್ತಿಕೊಳ್ಳಬೇಡಿ. ಮೊದಲನೆಯದಾಗಿ ಅದು ಇಂಗ್ಲಿಷಿನ ಲೆಕ್ಕ. ‘ಬರೆಯಬೇಕಾಗಿತ್ತೇನೋ’ ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದ ಬೇಕು. ಎರಡನೆಯದಾಗಿ, ಮಲೆನಾಡಿನಲ್ಲಿ ನವೆಂಬರ್ ಎಂದರೆ ಅರೇಬಿಕಾ ಹಣ್ಣಾಗುವ ಕಾಲ. ಕಣದಲ್ಲಿ ಕಾಫಿ ಹರಡಿರುವಾಗ ದಿನಕ್ಕೆ ಒಂದೂವರೆ ಸಾವಿರ ಪದ ಬರೆಯುತ್ತೇನೆ ಎನ್ನುವುದು ಮನೆಯವರ ಕೈಲಿ ಬೈಸಿಕೊಳ್ಳುವ ದಾರಿ.

ಕನ್ನಡದಲ್ಲಿ 30,000 ಪದದ ಗುರಿ ಇಟ್ಟುಕೊಳ್ಳಿ. ಡೆಮಿ 1/8 ಅಳತೆಯ (ಮಾಮೂಲಿ ಕಾದಂಬರಿಯ ಗಾತ್ರದ) ಪುಸ್ತಕದಲ್ಲಿ ಪುಟಕ್ಕೆ ಸುಮಾರು 200ರಿಂದ 230 ಪದ ಹಿಡಿಯುತ್ತದೆ. ಅಂದರೆ 130ರಿಂದ 150 ಪುಟ. ಕೈಯಲ್ಲಿ ಹಿಡಿದರೆ ಪುಸ್ತಕ ಅನ್ನಿಸುವಷ್ಟು. ಇದನ್ನು 60 ಬರಹಗಳಾಗಿ ಒಡೆಯಿರಿ, ಒಂದೊಂದಕ್ಕೆ 500 ಪದ. ವಾರಕ್ಕೆ ಆರು ದಿನ ಬರೆದರೆ 10 ವಾರ.

ಪದ ಎಣಿಸುವುದರಲ್ಲಿ ಒಂದು ಸಣ್ಣ ಮೋಸವಿದೆ. ‘ಮಾಡಿಬಿಟ್ಟರು’ ಎಂದು ಕೂಡಿಸಿ ಬರೆದರೆ ಒಂದು, ‘ಮಾಡಿ ಬಿಟ್ಟರು’ ಎಂದು ಬಿಡಿಸಿದರೆ ಎರಡು. ಮೊದಲ ದಿನ ಹೇಗೆ ಬರೆದಿರೋ ಕೊನೆವರೆಗೂ ಹಾಗೇ ಬರೆಯಿರಿ. ಕೈಬರಹದವರು ಹತ್ತು ಸಾಲಿನ ಪದ ಎಣಿಸಿ ಸರಾಸರಿ ತೆಗೆದು, ಅದನ್ನು ಪುಟದ ಸಾಲುಗಳಿಗೆ ಗುಣಿಸಿದರೆ ಸಾಕು. ಉದ್ದನೆಯ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಮೂರು ಮೂರೂವರೆ ಪುಟಕ್ಕೆ 500 ಪದ ಬರುತ್ತದೆ.

ಯಾವಾಗ ತೆರೆಯುವುದು, ಯಾವಾಗ ಬರೆಯುವುದು

ಟ್ರಂಕು ತೆರೆಯುವುದು ಬೇಸಿಗೆ ಕೆಲಸ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮೊದಲ ವಾರದೊಳಗೆ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಗಳನ್ನು ಬಿಟ್ಟು. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಮಳೆಗಾಲದಲ್ಲಿ ಟ್ರಂಕು ತೆರೆದರೆ ಒಳಗೆ ಇಷ್ಟು ವರ್ಷ ಒಣಗಿಕೊಂಡಿದ್ದ ಕಾಗದ ಎರಡೇ ದಿನದಲ್ಲಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಅರಸೀಕೆರೆ, ಕಡೂರಿನ ಬಯಲುಸೀಮೆಯವರಿಗೆ ಬೂಷ್ಟಿನ ಕಾಟ ಕಡಿಮೆ, ಗೆದ್ದಲಿನದು ಜಾಸ್ತಿ. ಅವರು ಟ್ರಂಕನ್ನು ಗೋಡೆಗೆ ತಾಗಿಸದೆ, ಇಟ್ಟಿಗೆ ಮೇಲೆ ನೆಲದಿಂದ ಎತ್ತಿ ಇಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು.

ಬರೆಯುವುದು ಮಳೆಗಾಲದ ಕೆಲಸ. ಜೂನ್ ಎರಡನೇ ವಾರ ಹಿಡಿದರೆ ಆಗಸ್ಟ್ ಮೂರನೇ ವಾರಕ್ಕೆ ಹತ್ತು ವಾರ. ತೋಟದ ಕೆಲಸ ಸಡಿಲ, ಮದುವೆ ಮುಂಜಿ ಆಷಾಢಕ್ಕೆ ನಿಂತಿರುತ್ತವೆ, ಹೊರಗೆ ಹೋಗೋಣವೆಂದರೂ ಆಗುವುದಿಲ್ಲ. ಕರೆಂಟು ಹೋಗುವುದು ನಿಶ್ಚಯವಾದ್ದರಿಂದ ಕಂಪ್ಯೂಟರಿನಲ್ಲಿ ಬರೆಯುವವರೂ ಪಕ್ಕಕ್ಕೊಂದು ನೋಟ್‌ಬುಕ್ ಇಟ್ಟುಕೊಂಡಿರಲಿ. ಮೊಬೈಲಿಗೆ ಹೇಳಿ ಬರೆಸುವ ಸೌಲಭ್ಯ ಕನ್ನಡಕ್ಕೂ ಇದೆ, ಆದರೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅದಕ್ಕೆ ನಿಮ್ಮ ಮಾತು ಕೇಳುವುದಿಲ್ಲ.

ಬೇಕಾಗುವ ಸಾಮಾನು

ಎನ್95 ಮಾಸ್ಕು, ಕೈಗವಸು, ಒಂದೂವರೆ ಎರಡು ಇಂಚಿನ ಮೆತ್ತನೆಯ ಪೇಂಟ್ ಬ್ರಶ್ಶು, ಬಟರ್ ಪೇಪರ್, ಒಗೆದು ಗಂಜಿ ಹೋದ ಹಳೆ ಬಿಳಿ ಪಂಚೆ ಎರಡು, 2ಬಿ ಪೆನ್ಸಿಲ್, ಒಂದು ಲೆಕ್ಕದ ಪುಸ್ತಕ, ಜಿಪ್ ಇರುವ ಪ್ಲಾಸ್ಟಿಕ್ ಕವರು, ಅಳತೆ ಟೇಪು. ಇಷ್ಟೇ. ಸೆಲ್ಲೋಟೇಪು, ಗೋಂದು, ಲ್ಯಾಮಿನೇಶನ್ ಇವು ಮೂರೂ ಹತ್ತಿರ ಬರಕೂಡದು. ಟೇಪಿನ ಅಂಟು ಹತ್ತಿಪ್ಪತ್ತು ವರ್ಷಕ್ಕೆ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ, ಲ್ಯಾಮಿನೇಟ್ ಮಾಡಿದ್ದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಹಳೆ ವಸ್ತುಗಳನ್ನು ದಿನಪತ್ರಿಕೆಯಲ್ಲಿ ಸುತ್ತುವ ಅಭ್ಯಾಸವೂ ಬೇಡ, ಶಾಯಿ ಹತ್ತುತ್ತದೆ.

ಮಾಸ್ಕು, ಕೈಗವಸು ಶೋಕಿಗಲ್ಲ. ಅಟ್ಟದಲ್ಲಿ ಇಲಿ ಓಡಾಡಿರುತ್ತದೆ, ಇಲಿಜ್ವರ ಬರುವುದು ಅದರ ಮೂತ್ರದಿಂದ. ಕೈಯಲ್ಲಿ ಗಾಯವಿದ್ದವರು ಆ ದಿನ ಅಟ್ಟ ಹತ್ತದಿರುವುದೇ ಒಳ್ಳೆಯದು. ಹಳೇಮನೆಯ ಜಾಗವನ್ನೇ ನೋಡಿಬರಲು ಕಾಡಂಚಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು: ಬೇಸಿಗೆಯೇ ಮಂಗನ ಕಾಯಿಲೆಯ ಕಾಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆರೋಗ್ಯ ಇಲಾಖೆ ಕೊಡುವ, ಉಣ್ಣೆ ಹುಳ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿ ಹೋಗಿ. ವಾಪಸು ಬಂದಮೇಲೆ ಬಿಸಿನೀರಲ್ಲಿ ಮಿಂದು ಮೈಮೇಲೆ ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ.

ತೆರೆಯುವ ಹನ್ನೆರಡು ದಿನ

ದಿನಕ್ಕೆ ಎರಡು ಗಂಟೆ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ದಿನಕ್ಕೆ ಹತ್ತು ವಸ್ತು, ಹೆಚ್ಚಿಗೆ ಬೇಡ. ಹನ್ನೆರಡು ದಿನಕ್ಕೆ 120 ಆಗುತ್ತದೆ, ಅದರಲ್ಲಿ ಅರ್ಧ ಬರಹಕ್ಕೆ ಒದಗುತ್ತದೆ. ಮೊಬೈಲಿನಲ್ಲಿ ಅಲಾರಂ ಇಟ್ಟು, ಹೊಡೆದ ಕೂಡಲೇ ಮುಚ್ಚಿ. ಟ್ರಂಕಿನ ತಳ ಕಾಣುವವರೆಗೆ ಒಂದೇ ದಿನ ಕೆದಕುವವರು ಮೇಲೆ ಯಾವುದಿತ್ತು, ಕೆಳಗೆ ಯಾವುದಿತ್ತು ಎಂಬ ಕ್ರಮವನ್ನೇ ಕಳೆದುಕೊಳ್ಳುತ್ತಾರೆ. ಆ ಕ್ರಮವೂ ಒಂದು ಸಾಕ್ಷಿ. ಮನೆ ಬಿಡುವ ದಿನ ಕೊನೆಗೆ ತುಂಬಿದ್ದು ಮೇಲಿರುತ್ತದೆ.

ಮುಚ್ಚಳ ತೆಗೆದ ಕೂಡಲೇ, ಏನನ್ನೂ ಮುಟ್ಟುವ ಮುಂಚೆ, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಒಂದು ಪದರ ತೆಗೆದಮೇಲೆ ಇನ್ನೊಂದು. ಕಿಟಕಿಯ ಬೆಳಕು ಸಾಕು, ಫ್ಲಾಶ್ ಬೇಡ.

ಕಾಗದ ತೇವವಾಗಿದ್ದರೆ ನೆರಳಲ್ಲಿ, ಗಾಳಿಯಾಡುವ ಕಡೆ ಪಂಚೆ ಹಾಸಿ ಎರಡು ಮೂರು ದಿನ ಬಿಡಿ. ಹಪ್ಪಳದ ಹಾಗೆ ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ, ಕಾಗದ ಸುರುಟಿಕೊಂಡು ಮುರಿಯುತ್ತದೆ. ಹಸಿ ಬೂಷ್ಟನ್ನು ಒರೆಸಬಾರದು, ಹರಡುತ್ತದೆ. ಒಣಗಿ ಪುಡಿಯಾದಮೇಲೆ ಜಗಲಿಯಾಚೆ ನಿಂತು, ಗಾಳಿ ಬೀಸುವ ದಿಕ್ಕಿಗೆ ಬ್ರಶ್ಶಿನಿಂದ ಮೆಲ್ಲಗೆ ಉದುರಿಸಿ. ಒಲೆಯ ಮೇಲಿನ ಅಟ್ಟದಲ್ಲಿದ್ದ ಕಾಗದಕ್ಕೆ ಹುಳ ಹತ್ತಿರುವುದು ಕಡಿಮೆ, ಬದಲಿಗೆ ಹೊಗೆಯ ಇಲ್ಲಣ ಮೆತ್ತಿರುತ್ತದೆ. ಅದರಲ್ಲಿ ಎಣ್ಣೆಯಂಶ ಇರುವುದರಿಂದ ಒದ್ದೆ ಬಟ್ಟೆ ತಾಗಿಸಿದರೆ ಅಳಿಸಲಾಗದ ಮಸಿಯಾಗುತ್ತದೆ. ಅಲ್ಲಿಯೂ ಒಣ ಬ್ರಶ್ಶೇ.

ಪುಸ್ತಕದಲ್ಲಿ ಜೀವಂತ ಹುಳ ಕಂಡರೆ ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರಿಜ್ಜಿನ ಫ್ರೀಜರಿನಲ್ಲಿ (ಮೈನಸ್ 18 ಡಿಗ್ರಿ ಇರುವಂಥದ್ದು) ಎರಡು ವಾರ ಇಡಿ. ಹೊರತೆಗೆದಮೇಲೆ ಒಂದು ಪೂರ್ತಿ ದಿನ ಕವರು ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಫೋಟೋಗಳಿಗೆ ಈ ಉಪಾಯ ಬೇಡ. ನುಸಿಗುಳಿಗೆಯ ಬದಲು ಬಜೆ ಬೇರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಟ್ರಂಕಿನ ನಾಲ್ಕು ಮೂಲೆಗೆ ಇಡಬಹುದು. ಹಳಬರು ತಾಳೆಗರಿ ಕಟ್ಟುಗಳಿಗೆ ಮಾಡುತ್ತಿದ್ದದ್ದೂ ಇದನ್ನೇ.

ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಬೇಡಿ. ಚೌಕಟ್ಟಿನ ಹಿಂದಿನ ಮೊಳೆ ತೆಗೆದು, ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ. ಕಾಗದಪತ್ರಕ್ಕೆ 300, ಫೋಟೋಗೆ 600 ಡಿಪಿಐ ಎಂದು ಅಂಗಡಿಯವರಿಗೆ ಹೇಳಿ. ತುಕ್ಕು ಹಿಡಿದ ಗುಂಡುಪಿನ್ನು ಸಲೀಸಾಗಿ ಬಂದರೆ ತೆಗೆಯಿರಿ, ಬಾರದಿದ್ದರೆ ಬಿಟ್ಟುಬಿಡಿ. ಎಳೆದರೆ ಅದರ ಜೊತೆ ಒಂದು ಅಕ್ಷರವೂ ಬರುತ್ತದೆ.

ಕಡತ ಸಿಕ್ಕಿದರೆ ಬಹಳ ಜೋಪಾನ. ಹುಣಸೆಬೀಜದ ಗಂಜಿಗೆ ಇದ್ದಿಲು ಕಲಸಿ ಬಳಿದು ಗಟ್ಟಿಮಾಡಿದ ಮಡಿಕೆ ಬಟ್ಟೆ ಅದು, ಬರೆದಿರುವುದು ಬಳಪದಲ್ಲಿ. ಕೊಳೆ ಎಂದು ಒರೆಸಿದರೆ ಬರಹವೇ ಹೋಯಿತು. ಊದಲೂ ಬೇಡ. ಮಡಿಕೆ ಬಿಚ್ಚಿಕೊಂಡಷ್ಟು ಫೋಟೋ ತೆಗೆದು, ಓದಿಸುವುದಕ್ಕೂ ಉಳಿಸುವುದಕ್ಕೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ, ಹಸ್ತಪ್ರತಿ ಬಲ್ಲವರಿರುವ ಕಡೆ ಕೇಳಿ.

ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಕಂಡಕೂಡಲೇ ಹುಣಸೆಹಣ್ಣು ಹಾಕಿ ಉಜ್ಜಲು ಕೈ ಹೋಗುತ್ತದೆ. ತಡೆಯಿರಿ. ಮೊದಲು ಕಂಠದ ಸುತ್ತ, ತಳದಲ್ಲಿ ಕೆತ್ತಿದ ಹೆಸರು ಹುಡುಕಿ. ಮದುವೆಯ ಉಡುಗೊರೆ ಚೊಂಬಿನ ಮೇಲೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಚುಕ್ಕೆಚುಕ್ಕೆಯಾಗಿ ಕೆತ್ತಿರುತ್ತದೆ. ಟಾರ್ಚನ್ನು ಅಡ್ಡ ಹಿಡಿದರೆ ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಉಜ್ಜಿ ಉಜ್ಜಿ ಆ ಚುಕ್ಕೆಗಳು ಈಗಾಗಲೇ ಸವೆದಿರುತ್ತವೆ, ಇನ್ನೊಂದು ಸಲ ಉಜ್ಜಿದರೆ ಪೂರ್ತಿ ಹೋಗಬಹುದು.

ಪಟ್ಟಿ

ಲೆಕ್ಕದ ಪುಸ್ತಕದಲ್ಲಿ ಒಂದು ವಸ್ತುವಿಗೆ ಒಂದು ಸಾಲು: ಸಂಖ್ಯೆ, ಏನು, ಎಲ್ಲಿ ಸಿಕ್ಕಿತು, ಅಳತೆ, ಮೇಲೆ ಬರೆದಿರುವುದು, ಹಳೇಮನೆಯಲ್ಲಿ ಎಲ್ಲಿರುತ್ತಿತ್ತು. ಸಂಖ್ಯೆ 1-014 ಎಂಬಂತಿರಲಿ, ಅಂದರೆ ಒಂದನೇ ಟ್ರಂಕಿನ ಹದಿನಾಲ್ಕನೇ ವಸ್ತು. ಫೋಟೋ ಫೈಲಿಗೂ ಅದೇ ಹೆಸರು. ಫೋಟೋದ ಹಿಂದೆ ಬರೆಯುವುದಾದರೆ ಅಂಚಿನಲ್ಲಿ ಪೆನ್ಸಿಲಿನಿಂದ, ಒತ್ತದೆ.

ಕ್ರಯಪತ್ರ, ಪಹಣಿ, ವಿಭಾಗಪತ್ರ, ಅಂಕಪಟ್ಟಿ ಸಿಕ್ಕರೆ ಅವು ಈ ಆಟಕ್ಕೆ ಸೇರಿದವಲ್ಲ. ಸ್ಕ್ಯಾನ್ ಮಾಡಿ, ಮೂಲಪ್ರತಿಯನ್ನು ಬೇರೆ ಫೈಲಿನಲ್ಲಿ ಬೀರುವಿಗೆ ಸೇರಿಸಿ, ಸಿಕ್ಕಿರುವುದನ್ನು ಒಡಹುಟ್ಟಿದವರಿಗೆ ಅವತ್ತೇ ಹೇಳಿಬಿಡಿ. ‘ಪುಸ್ತಕ ಬರೀತೀನಿ ಅಂತ ಹೇಳಿ ಕಾಗದ ಎಲ್ಲ ಎತ್ಕೊಂಡ’ ಎಂಬ ಮಾತು ಒಂದು ಸಲ ಹುಟ್ಟಿದರೆ, ಮುಂದೆ ನೀವು ಕೇಳುವ ಯಾವ ಪ್ರಶ್ನೆಗೂ ಮನೆಯವರಿಂದ ಉತ್ತರ ಬರುವುದಿಲ್ಲ.

ತಾರೀಖಿಲ್ಲದ ಕಾಗದದ ಕಾಲ ಹಿಡಿಯುವುದು

ಇಡೀ ಕೆಲಸದಲ್ಲಿ ಅತ್ಯಂತ ರುಚಿಯಾದ ಭಾಗ ಇದು. ಇಲ್ಲಿ ಇಡೀ ದಿನ ಕಳೆದರೂ ನಷ್ಟವಿಲ್ಲ, ಆದರೆ ಬೇಸಿಗೆಯಲ್ಲೇ ಮುಗಿಸಿ.

ವಿಳಾಸದಲ್ಲಿ ‘ಕಡೂರು ಜಿಲ್ಲೆ’ ಎಂದಿದ್ದರೆ ಸಾಧಾರಣವಾಗಿ 1947ಕ್ಕಿಂತ ಹಿಂದಿನದು. ಆ ವರ್ಷ ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂತು. ಹಳೆ ಅಭ್ಯಾಸದಿಂದ ಆಮೇಲೂ ಹಾಗೇ ಬರೆದವರಿದ್ದಾರೆ, ಅದಕ್ಕೇ ಇನ್ನೊಂದು ಗುರುತು ಹುಡುಕಬೇಕು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದೆ. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚೆಗೆ. ಇನ್‌ಲ್ಯಾಂಡ್ ಲೆಟರ್ ಆದರೆ 1950ಕ್ಕೆ ಮುಂಚಿನದಾಗಿರಲು ಸಾಧ್ಯವಿಲ್ಲ. ರಸೀತಿಯಲ್ಲಿ ರೂಪಾಯಿ-ಆಣೆ-ಪೈ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದು ಅಥವಾ ಅದರ ಆಸುಪಾಸಿನದು. ‘ನಯೇ ಪೈಸೆ’ ಇದ್ದರೆ 1957ರಿಂದ 1964ರ ನಡುವಿನದು. ವಾಹನದ ಸಂಖ್ಯೆ ಕೆಎ 13 (ಹಾಸನ) ಅಥವಾ ಕೆಎ 18 (ಚಿಕ್ಕಮಗಳೂರು) ಎಂದಿದ್ದರೆ ಆ ಕಾಗದ 1989ರಿಂದ ಈಚಿನದು. ತಂತಿ ಎಷ್ಟೇ ಹೊಸದಾಗಿ ಕಂಡರೂ 2013ರ ಜುಲೈ ದಾಟಿರುವುದಿಲ್ಲ.

ಕಾಫಿ ಬೆಳೆಗಾರರ ಮನೆಯ ಟ್ರಂಕಿನಲ್ಲಿ ಕಾಫಿ ಮಂಡಳಿಯ ಪೂಲ್ ರಸೀತಿಗಳು ಇದ್ದೇ ಇರುತ್ತವೆ. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಿದ್ದ ಆ ವ್ಯವಸ್ಥೆ 1940ರ ದಶಕದಲ್ಲಿ ಬಂದು 1990ರ ದಶಕದ ಮಧ್ಯದಲ್ಲಿ ಕೊನೆಯಾಯಿತು. ಹಣ ಒಂದೇ ಸಲ ಬರುತ್ತಿರಲಿಲ್ಲ, ಕಂತಿನಲ್ಲಿ ಬರುತ್ತಿತ್ತು. ರಸೀತಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಪಕ್ಕದಲ್ಲಿ ಮನೆಯ ಖರ್ಚಿನ ಪುಸ್ತಕ ಇಟ್ಟು ನೋಡಿ. ಕಂತು ಬಂದ ವಾರವೇ ಬಟ್ಟೆ ಅಂಗಡಿಯ ಬಿಲ್ಲು, ಹೆಂಚಿನ ಬಿಲ್ಲು, ಶಾಲೆಯ ಫೀಜು ಕಾಣುತ್ತದೆ.

ಲಗ್ನಪತ್ರಿಕೆಯಲ್ಲಿ ಇಸವಿ ಇಲ್ಲದೆ ಸಂವತ್ಸರ ಮಾತ್ರ ಇದ್ದರೆ ಹೆದರಬೇಕಿಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ ಎಂದರೆ 1987–88; ಅದಕ್ಕೆ 60 ಕಳೆದರೆ 1927–28. ರಾಕ್ಷಸ 1975–76, ಅದರ ಹಿಂದಿನದು 1915–16. ಯುಗಾದಿಗೆ ವರ್ಷ ಬದಲಾಗುವುದರಿಂದ ಮಾಘ, ಫಾಲ್ಗುಣದ ಮದುವೆ ಎರಡನೇ ಇಸವಿಗೆ ಸೇರುತ್ತದೆ. ರಾಕ್ಷಸ ಸಂವತ್ಸರದ ವೈಶಾಖ 1975, ಮಾಘ 1976. ಎಡವುವುದು ಹೆಚ್ಚಾಗಿ ಇಲ್ಲೇ.

ಹಳೇಮನೆಯ ಹೆಂಚು ಒಂದಾದರೂ ಉಳಿದಿದ್ದರೆ ಮಗುಚಿ ನೋಡಿ. ಮಂಗಳೂರು ಹೆಂಚಿನ ಅಡಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಕೆಲವದರಲ್ಲಿ ಇಸವಿಯೂ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ, ಅದಕ್ಕಿಂತ ಹಳೆಯದು ಇರಲಾರದು. ಆದರೆ ಹೆಂಚಿನ ಇಸವಿ ಮನೆಯ ಇಸವಿ ಆಗಿರಬೇಕೆಂದಿಲ್ಲ. ಒಂದು ಮನೆ ಇಳಿಸಿ ಇನ್ನೊಂದಕ್ಕೆ ಹೊದಿಸುವುದು ನಮ್ಮ ಕಡೆ ಮಾಮೂಲು.

ಅಳತೆಯ ಬಗ್ಗೆ ಒಂದು ಮಾತು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ಇಷ್ಟು ಸರಿ. ಕೊಳಗ ಎಂದರೆ ಎಷ್ಟು ಕಿಲೋ ಎಂದು ಮಾತ್ರ ಬರೆಯಲು ಹೋಗಬೇಡಿ, ಊರಿಂದೂರಿಗೆ ಬದಲಾಗುತ್ತಿತ್ತು. ಲೆಕ್ಕದಲ್ಲಿ ಕೊಳಗ ಎಂದಿದ್ದರೆ ಕೊಳಗ ಎಂದೇ ಬರೆಯಿರಿ.

ಇನ್‌ಲ್ಯಾಂಡ್ ಲೆಟರನ್ನು ಓದುವಾಗ ನಡುವಿನ ಬರಹಕ್ಕಿಂತ ಅಂಚನ್ನು ಮೊದಲು ನೋಡಿ. ‘ಉಭಯಕುಶಲೋಪರಿ ಸಾಂಪ್ರತ’ದಿಂದ ಶುರುವಾಗಿ ಮಳೆ, ಬೆಳೆ, ಎಲ್ಲರ ಆರೋಗ್ಯ ವಿಚಾರಿಸುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಬರೆಯಲೇಬೇಕಿದ್ದ ವಿಷಯ, ಅಂದರೆ ಸಾಲ, ಜಗಳ, ಗಂಡಿನ ಮನೆಯವರು ಹೇಳಿದ್ದು, ಕಾಗದವನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತುರುಕಿರುತ್ತಾರೆ.

ಹಾಗೇ ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಹಾಕಿದರು ಎಂಬ ಈ ಪಟ್ಟಿಯನ್ನು ಬಹಳ ಮಂದಿ ರದ್ದಿಗೆ ಹಾಕುತ್ತಾರೆ. ಒಂದು ಮುಯ್ಯಿ ಪುಸ್ತಕದಲ್ಲಿ ಆ ಮನೆಯ ನೆಂಟಸ್ತಿಕೆ ಯಾವ ಯಾವ ಊರಿಗೆ ಹಬ್ಬಿತ್ತು, ಯಾರು ದುಡ್ಡು ಕೊಟ್ಟರು, ಯಾರು ಅಕ್ಕಿ ಕೊಟ್ಟರು, ಯಾರ ಹೆಸರಿನ ಮುಂದೆ ‘ವಾಪಸು ಕೊಟ್ಟಿದೆ’ ಎಂಬ ಗುರುತಿದೆ, ಎಲ್ಲ ಸಿಗುತ್ತದೆ. ನಾಲ್ಕೈದು ಬರಹಕ್ಕೆ ಇದೊಂದೇ ಸಾಕು.

ಹಿರಿಯರ ಹತ್ತಿರ ಕೇಳುವುದು

‘ಆಗಿನ ಕಾಲ ಹೇಗಿತ್ತು, ದೊಡ್ಡಮ್ಮ?’ ಎಂದು ಕೇಳಿದರೆ ‘ಏನು ಹೇಳೋದು, ಕಷ್ಟ ಇತ್ತು, ಆದ್ರೂ ಚೆನ್ನಾಗಿತ್ತು’ ಎಂಬ ಉತ್ತರ ಬರುತ್ತದೆ. ಅದರಿಂದ ಒಂದು ಸಾಲೂ ಹುಟ್ಟದು. ವಸ್ತುವನ್ನು ಅವರ ಕೈಗೆ ಕೊಟ್ಟು ಸಣ್ಣದೊಂದು ಪ್ರಶ್ನೆ ಕೇಳಿ: ‘ದೊಡ್ಡಮ್ಮ, ಈ ಪಾವಿನ ಅಂಚು ಯಾಕೆ ಹೀಗೆ ನೆಗ್ಗಿದೆ?’ ಆಗ ‘ಇದು ನಮ್ಮನೇದಲ್ಲ ಕಣೋ, ಅಳೆಯೋಕೆ ಅಂತ ಪಕ್ಕದ ಮನೆಯಿಂದ ತಂದಿದ್ದು, ಕೊಡಲೇ ಇಲ್ಲ’ ಎಂಬಂಥ ಮಾತು ಬರುತ್ತದೆ. ಒಂದು ಸಲಕ್ಕೆ ಮೂರು ವಸ್ತು ಸಾಕು. ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಎದುರೆದುರು ಕೂರಿಸಿ ತೀರ್ಮಾನ ಮಾಡಿಸಲು ಹೋಗಬೇಡಿ.

ಹೇಮಾವತಿಗೆ ಕಟ್ಟಿದ ಗೊರೂರು ಅಣೆಕಟ್ಟೆ 1979ರಲ್ಲಿ ಮುಗಿದಾಗ ಮನೆ ಬಿಟ್ಟವರಿಗೆ ಹೋಗಿ ನೋಡಲು ಗೋಡೆಯೂ ಇಲ್ಲ. ಅಂಥವರು ಬೇಸಿಗೆಯಲ್ಲಿ ನೀರು ಇಳಿದಾಗ, ಶೆಟ್ಟಿಹಳ್ಳಿಯ ಹಳೆ ಚರ್ಚು ಪೂರ್ತಿ ಕಾಣುವ ದಿನಗಳಲ್ಲಿ, ಹಿರಿಯರೊಬ್ಬರನ್ನು ಕರೆದುಕೊಂಡು ದಡಕ್ಕೆ ಹೋಗಿ ದಿಕ್ಕು ಕೇಳಲಿ. ‘ಅಲ್ಲಿ ನಮ್ಮ ಕಣ, ಅದರ ಆಚೆ ದಾರಿ’ ಎಂದು ಕೈ ತೋರಿಸಿದ್ದನ್ನು ಅಲ್ಲೇ ಕಾಗದದ ಮೇಲೆ ನಕ್ಷೆ ಮಾಡಿಕೊಳ್ಳಿ. ಮನೆಗೆ ಬಂದು ಮಾಡಿದರೆ ದಿಕ್ಕು ತಪ್ಪುತ್ತದೆ.

ಅರವತ್ತನ್ನು ಆರಿಸುವುದು

ಬೆಲೆಬಾಳುವುದನ್ನೇ ಆರಿಸಿದರೆ ಪುಸ್ತಕ ಒಡವೆ ಪಟ್ಟಿಯಾಗುತ್ತದೆ. ಸವೆದದ್ದು, ದುರಸ್ತಿಯಾದದ್ದು, ಜೋಡಿಯಲ್ಲಿ ಒಂದೇ ಉಳಿದದ್ದು, ಯಾಕೆ ಇಟ್ಟುಕೊಂಡರೋ ತಿಳಿಯದ್ದು, ಇವಕ್ಕೆ ಮೊದಲ ಜಾಗ. ಮಳೆಗೆ ಹೊದ್ದು ತೂತು ಬಿದ್ದ ಗೊರಬು, ಒಂದು ಕಿವಿಯ ಹಂಡೆ, ಹಿಡಿ ಬದಲಾದ ಅಡಕತ್ತರಿ. ಒಬ್ಬರೇ ವ್ಯಕ್ತಿಗೆ ಹತ್ತಕ್ಕಿಂತ ಹೆಚ್ಚು ವಸ್ತು ಬೀಳದಂತೆ ನೋಡಿ. ಅಪ್ಪನ ಪೆನ್ನು, ಕನ್ನಡಕ, ಗಡಿಯಾರ, ಕೋಲು ಎಂದು ಹೊರಟರೆ ಅಡುಗೆಮನೆಯಲ್ಲಿ ದುಡಿದವರು ಪುಸ್ತಕಕ್ಕೆ ಬರುವುದೇ ಇಲ್ಲ. ಆರಿಸಿದ್ದನ್ನು ಒಂದೊಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಟ್ಟು ಟ್ರಂಕು ಮುಚ್ಚಿ, ಬೀಗ ಹಾಕಿ.

ಬರೆಯುವ ದಿನ

ಬೆಳಿಗ್ಗೆ ಒಂದು ಚೀಟಿ ಎತ್ತಿ. ಬೇಡವೆನಿಸಿದರೆ ವಾಪಸು ಹಾಕಿ ಇನ್ನೊಂದು, ಎರಡನೆಯದನ್ನು ಬದಲಿಸುವಂತಿಲ್ಲ. ವಸ್ತುವನ್ನು ನೋಡದೆ, ಫೋಟೋವನ್ನೂ ನೋಡದೆ, ಐವತ್ತು ನಿಮಿಷ ಬರೆಯಿರಿ. ವಸ್ತು ಎದುರಿಗಿದ್ದರೆ ಕೈ ಅದನ್ನು ವರ್ಣಿಸತೊಡಗುತ್ತದೆ, ಉದ್ದ ಅಗಲ ಬಣ್ಣ ಹೇಳಿ ಇನ್ನೂರು ಪದಕ್ಕೆ ಸುಸ್ತಾಗುತ್ತದೆ. ಎದುರಿಗಿಲ್ಲದಿದ್ದರೆ ಅದನ್ನು ಬಳಸುತ್ತಿದ್ದವರು ನೆನಪಾಗುತ್ತಾರೆ. ಬರೆದಾದ ಮೇಲೆ ಪಟ್ಟಿ, ಫೋಟೋ ತೆಗೆದು ತಾಳೆ ನೋಡಿ ತಿದ್ದಿ. ನೆನಪು ಎಲ್ಲಿ ತಪ್ಪಿತ್ತೋ ಅದನ್ನೂ ಬರಹದಲ್ಲೇ ಇಡಬಹುದು. ‘ಮೂರು ಗೆರೆ ಇತ್ತು ಎಂದುಕೊಂಡಿದ್ದೆ, ಇರುವುದು ಎರಡು’ ಎಂಬ ಸಾಲು ಓದುಗರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟಿಸುತ್ತದೆ.

ಒಂದು ಉದಾಹರಣೆ ಹಿಡಿಯೋಣ: ಕೈಯಲ್ಲಿ ತಿರುಗಿಸುವ ಕಾಫಿಪುಡಿ ಮೆಷಿನ್ನು. ‘ಆ ಮೆಷಿನ್ನಿನ ಸದ್ದು ಇಂದಿಗೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ’ ಎಂದು ಬರೆದರೆ ಅದು ಎಲ್ಲರ ಮನೆಯ ಮೆಷಿನ್ನು. ಹಿಡಿಕೆಯ ತುದಿಯ ಮರದ ಗುಂಡು ಯಾವ ಕಡೆ ಸವೆದಿದೆ? ಪಕ್ಕದ ತಿರುಪನ್ನು ಬಿಗಿ ಮಾಡಿದರೆ ಪುಡಿ ನುಣ್ಣಗೆ ಬರುತ್ತದೆ, ತೋಳು ಬಿದ್ದುಹೋಗುತ್ತದೆ. ಸಡಿಲ ಬಿಟ್ಟರೆ ಬೇಗ ಮುಗಿಯುತ್ತದೆ, ಡಿಕಾಕ್ಷನ್ ತೆಳ್ಳಗಾಗುತ್ತದೆ. ಹಾಗಾದರೆ ತಿರುಪು ಯಾವ ದಿನ ಬಿಗಿಯಾಗುತ್ತಿತ್ತು, ಯಾರು ಬಂದಾಗ? ಮೆಷಿನ್ನನ್ನು ಬಿಗಿದಿದ್ದ ಬೆಂಚಿನ ಅಂಚಿನಲ್ಲಿ ಕಬ್ಬಿಣದ ಹಲ್ಲಿನ ಗುರುತು ಒಂದೇ ಕಡೆ ಇದೆಯೇ, ಎರಡು ಕಡೆಯೇ? ಎರಡು ಕಡೆ ಇದ್ದರೆ ಯಾವಾಗಲೋ ಜಾಗ ಬದಲಾಗಿದೆ. ಅಡುಗೆಮನೆ ಕಿಟಕಿಯ ಹತ್ತಿರದಿಂದ ಪಡಸಾಲೆಗೆ ಬಂದದ್ದು ಯಾಕೆ? ಬೀಸುವವರು ಬದಲಾದರೇ? ತೋಟದಲ್ಲಿ ಒಳ್ಳೆಯ ಕಾಫಿ ಇದ್ದ ಮನೆಯಲ್ಲೂ ಬೀಸುತ್ತಿದ್ದದ್ದು ಉದುರಿದ್ದು, ಆರಿಸಿ ಉಳಿದದ್ದು ಇರಬಹುದು. ಅದನ್ನು ಮರೆಯದೆ ಕೇಳಿ. ಇಷ್ಟರಲ್ಲಿ 500 ಪದ ದಾಟಿರುತ್ತದೆ.

ಹಂಚಿಕೆ ಅಂದಾಜಿಗೆ ಹೀಗಿರಲಿ: ವಸ್ತುವಿಗೆ 100 ಪದ, ಅದನ್ನು ಹಿಡಿದ ಕೈಗಳಿಗೆ 150, ಒಂದು ನಿರ್ದಿಷ್ಟ ದಿನಕ್ಕೆ 150, ಅದರ ಬಳಕೆ ನಿಂತದ್ದು ಹೇಗೆ ಎಂಬುದಕ್ಕೆ 100. ಕೊನೆಯದನ್ನು ಬಿಡಬೇಡಿ. ಮಿಕ್ಸಿ ಬಂದು ನಿಂತಿತೋ, ಮನೆಯವರು ಪ್ಯಾಕೆಟ್ ಪುಡಿಗೆ ಒಗ್ಗಿ ನಿಂತಿತೋ, ಬೀಸುವವರು ಹೋಗಿ ನಿಂತಿತೋ ಎಂಬುದರಲ್ಲಿ ಮನೆಯ ಚರಿತ್ರೆ ಇರುತ್ತದೆ.

ಕೆಡುವ ಜಾಗಗಳು

ಮೊದಲ 5,000 ಪದ ತಾನಾಗಿ ಬರುತ್ತದೆ. 8,000ದಿಂದ 10,000ದ ನಡುವೆ ಎಲ್ಲ ಬರಹವೂ ಒಂದೇ ಥರ ಕೊನೆಯಾಗತೊಡಗುತ್ತದೆ: ಆ ಕಾಲ ಹೋಯಿತು, ಆ ಜನ ಹೋದರು. ಆಗ ಹಿಂದಿನ ಹದಿನೈದು ಬರಹಗಳ ಕೊನೆಯ ಪ್ಯಾರಾಗಳನ್ನು ಮಾತ್ರ ಓದಿ, ಹೋಲುವವನ್ನೆಲ್ಲ ಗೀಟು ಹಾಕಿ. ಪದ ಕಡಿಮೆಯಾಯಿತೆಂದು ಸಂಕಟಪಡಬೇಡಿ, ಅಲ್ಲಿ ಬೆಲೆಯೋ, ಸರಿಯಾದ ಹೆಸರೋ, ಒಂದು ಬೈಗುಳವೋ ಸೇರಿಸಿದರೆ ಲೆಕ್ಕ ಕೂಡಿಕೊಳ್ಳುತ್ತದೆ.

15,000ದ ಹೊತ್ತಿಗೆ ಜಗಳದ ವಸ್ತು ಬರುತ್ತದೆ. ಪಾಲಿನಲ್ಲಿ ಯಾರಿಗೋ ಹೋಗಬೇಕಿದ್ದದ್ದು, ಯಾರೋ ಕೇಳಿದಾಗ ಇಲ್ಲ ಎಂದದ್ದು. ಅದನ್ನು ಬಿಡದೆ ಬರೆಯಿರಿ, ಆದರೆ ಬೇರೆ ಫೈಲಿನಲ್ಲಿ ಇಡಿ. ಪದ ಎಣಿಕೆಗೆ ಸೇರಲಿ, ಪುಸ್ತಕಕ್ಕೆ ಸೇರಬೇಕೋ ಬೇಡವೋ ಆಮೇಲೆ ನೋಡಬಹುದು.

ಜ್ವರ ಬಂದೋ ಸಾವಿನ ಸುದ್ದಿ ಬಂದೋ ನಾಲ್ಕು ದಿನ ತಪ್ಪಿದರೆ ಮರುದಿನ 2,500 ಪದ ಬರೆದು ಸರಿದೂಗಿಸಲು ಹೋಗಬೇಡಿ. ದಿನಕ್ಕೆ 100 ಸೇರಿಸಿ 600 ಮಾಡಿದರೆ ಇಪ್ಪತ್ತು ದಿನಕ್ಕೆ ತಪ್ಪಿದ 2,000 ತುಂಬುತ್ತದೆ. ಟೈಪು ಮಾಡುವವರು ಯೂನಿಕೋಡಿನಲ್ಲೇ ಮಾಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಟೈಪಿಸಿದ್ದು ಬೇರೆ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಗಜಿಬಿಜಿಯಾಗಿ ಕಾಣುತ್ತದೆ. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ವಾರಕ್ಕೊಮ್ಮೆ ನಿಮಗೇ ಇಮೇಲ್ ಮಾಡಿಕೊಳ್ಳಿ. ಸಿಡಿಲಿಗೆ ಕಂಪ್ಯೂಟರ್ ಹೋಗುವುದು ಇಲ್ಲಿ ಹೊಸ ಸುದ್ದಿಯಲ್ಲ.

ಬೇರೆಯವರ ಪತ್ರ

ಪತ್ರ ನಿಮ್ಮ ಟ್ರಂಕಿನಲ್ಲಿದೆ ಎಂದಮಾತ್ರಕ್ಕೆ ಅದನ್ನು ಅಚ್ಚು ಹಾಕಿಸುವ ಹಕ್ಕು ನಿಮ್ಮದಲ್ಲ. ಕೃತಿಸ್ವಾಮ್ಯ ಬರೆದವರದು, ಅವರ ನಂತರ ವಾರಸುದಾರರದು. ಪತ್ರದಿಂದ ತಿಳಿದ ಸಂಗತಿಯನ್ನು ನಿಮ್ಮ ಮಾತಿನಲ್ಲಿ ಬರೆಯಬಹುದು; ಇಡೀ ಪತ್ರ ಬೇಕೆಂದರೆ ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬದುಕಿರುವವರ ಕಾಯಿಲೆ, ಸಾಲ, ಮುರಿದ ಮದುವೆಯ ವಿಷಯ ಬಂದರೆ ಹೆಸರು, ಊರು ಎರಡನ್ನೂ ಬದಲಿಸಿ. ಹೆಸರು ಮಾತ್ರ ಬದಲಿಸಿದರೆ ನಮ್ಮ ಹಳ್ಳಿಗಳಲ್ಲಿ ಅರ್ಧ ದಿನಕ್ಕೆ ಗೊತ್ತಾಗಿಬಿಡುತ್ತದೆ.

30,000 ಮುಟ್ಟಿದ ದಿನ

ಅಂದು ಏನನ್ನೂ ತಿದ್ದಬೇಡಿ. ಎ4 ಹಾಳೆಯ ಒಂದೇ ಮಗ್ಗುಲಿಗೆ, ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ ಬಿಟ್ಟು, ಎಡಗಡೆ ಎರಡು ಇಂಚು ಖಾಲಿ ಇರುವಂತೆ ಎರಡು ಪ್ರತಿ ಪ್ರಿಂಟ್ ತೆಗೆಸಿ. ಒಂದು ಪ್ರತಿಗೆ ನೂರು ಹಾಳೆಯ ಆಸುಪಾಸು ಬರುತ್ತದೆ. ಸ್ಪೈರಲ್ ಬೈಂಡಿಂಗ್ ಸಾಕು.

ಒಂದು ಪ್ರತಿಯನ್ನು ಹಳೇಮನೆಯಲ್ಲಿ ನಿಮಗಿಂತ ಹೆಚ್ಚು ವರ್ಷ ಇದ್ದವರೊಬ್ಬರಿಗೆ ಕೊಡಿ, ಜೊತೆಗೊಂದು ಪೆನ್ಸಿಲ್. ಕಣ್ಣು ಸರಿಯಿಲ್ಲದವರಿಗೆ ದಿನಕ್ಕೆ ಎರಡು ಬರಹದಂತೆ ಓದಿ ಹೇಳಿ. ‘ಚೆನ್ನಾಗಿದೆ’ ಎಂದರೆ ಪುಟ ತಿರುವಿ ಮುಂದೆ ಹೋಗಿ; ‘ಏಯ್, ಅದು ಹಾಗಲ್ಲ’ ಎಂದಲ್ಲಿ ನಿಲ್ಲಿಸಿ, ಅವರು ಹೇಳಿದ್ದನ್ನು ಎಡಗಡೆಯ ಖಾಲಿ ಜಾಗದಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಎರಡು ಇಂಚು ಬಿಡಿಸಿದ್ದು ಅದಕ್ಕೇ. ಇನ್ನೊಂದು ಪ್ರತಿಯನ್ನು ವಸ್ತುಗಳ ಪಟ್ಟಿಯ ಜೊತೆ ಬಿಳಿ ಪಂಚೆಯಲ್ಲಿ ಸುತ್ತಿ, ಮಳೆ ಪೂರ್ತಿ ನಿಂತಮೇಲೆ, ಹೊಸ ಬಜೆ ಗಂಟಿನೊಂದಿಗೆ ಟ್ರಂಕಿನ ಮೇಲಿನ ಪದರದಲ್ಲಿಡಿ.